ಅಪ್ಪನಿಲ್ಲದ ಬೀಜಕ್ಕೆ ಅಸಲಿ ಗೋತ್ರ

ಗಾಂಜಾ ಬೀಜಕ್ಕೂ ಈಗ ಕುಲಗೋತ್ರ ಬಂದಿದೆ. ಯುರೋಪಿನ ಬೀಜದ ಕಂಪನಿಗಳ ಕ್ಯಾಟಲಾಗ್ ತೆರೆದು ನೋಡಿ. ಹಿಮಾಚಲದ ಮಲಾನಾ, ಕೇರಳದ ಇಡುಕ್ಕಿ, ಅಫ್ಘಾನಿಸ್ತಾನದ ಹಿಂದೂಕುಶ್, ದಕ್ಷಿಣ ಆಫ್ರಿಕಾದ ಡರ್ಬನ್, ಮೆಕ್ಸಿಕೊದ ಅಕಾಪುಲ್ಕೊ. ಪೊಟ್ಟಣಕ್ಕೊಂದು ಊರು. ಮೇಲೆ ಮಂಜು ಮುಸುಕಿದ ಬೆಟ್ಟದ ಚಿತ್ರ, ಅದರ ಕೆಳಗೆ ‘ನೂರಕ್ಕೆ ನೂರು ಅಪ್ಪಟ ಲ್ಯಾಂಡ್‌ರೇಸ್’ ಅಂತ ಮುದ್ರೆ. ನಾವು ಜವಾರಿ, ನಾಟಿ ಅನ್ನುತ್ತೇವಲ್ಲ, ಅದೇ. ಯಾವ ಕಂಪನಿಯೂ ತಿದ್ದಿದ ತಳಿಯಲ್ಲ. ಆ ಊರಿನ ಮಳೆ, ಚಳಿ, ಅಲ್ಲಿನವರ ಕೈ ಸೇರಿ ತಲೆತಲಾಂತರದಿಂದ ರೂಪುಗೊಂಡದ್ದು. ಈಗ ಹೆಣ್ಣು ನೋಡಲು ಹೋದವರೂ ಇಷ್ಟೊಂದು ವಿಚಾರಿಸುವುದಿಲ್ಲ ಬಿಡಿ.

ಪೊಟ್ಟಣ ತಿರುಗಿಸಿದರೆ ಹಿಂದೆ ಸಣ್ಣಕ್ಷರ ಇರುತ್ತದೆ. ಬ್ರಿಟನ್ನಿನಲ್ಲಿ ಗಾಂಜಾ ಬೀಜ ಮಾರಬಹುದು, ಲೈಸೆನ್ಸ್ ಇಲ್ಲದೆ ಬೆಳೆಯುವ ಹಾಗಿಲ್ಲ. ಹಾಗಾಗಿ ಅಲ್ಲಿ ಬೀಜ ಅನ್ನುವುದು ‘ನೆನಪಿನ ಕಾಣಿಕೆ’, ‘ಸಂಗ್ರಹಕ್ಕೆ ಮಾತ್ರ’. ಅಳಿಯುತ್ತಿರುವ ತಳಿಯನ್ನು ಉಳಿಸೋಣ ಬನ್ನಿ ಅಂತ ಮುಂದುಗಡೆ ಕರೆ. ದಯವಿಟ್ಟು ಮೊಳಕೆ ಬರಿಸಬೇಡಿ ಅಂತ ಹಿಂದುಗಡೆ ಎಚ್ಚರಿಕೆ. ಡಬ್ಬಿಯಲ್ಲಿಟ್ಟು ದಿನಾ ಆರತಿ ಎತ್ತಬೇಕೇನೋ.

ಇದಕ್ಕಿಂತ ಚೆಂದದ ಸಾಲು ಇನ್ನೊಂದಿದೆ: ‘ಅಪ್ಪಟ ಲ್ಯಾಂಡ್‌ರೇಸ್, ಫೆಮಿನೈಸ್ಡ್’. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಮಲಿರುವುದು ಹೆಣ್ಣಿನ ಹೂವಿನಲ್ಲಿ. ಹಾಗಾಗಿ ಗಿರಾಕಿಗೆ ಗಂಡು ಬೇಡ. ಅದಕ್ಕೇನು ಮಾಡುತ್ತಾರೆ? ಹೆಣ್ಣು ಗಿಡದ ಮೇಲೆಯೇ ಬೆಳ್ಳಿಯ ದ್ರಾವಣ ಸಿಂಪಡಿಸುತ್ತಾರೆ. ಪಾಪ, ಅದು ತಲೆಕೆಟ್ಟು ಗಂಡು ಹೂವು ಬಿಡುತ್ತದೆ. ಆ ಪರಾಗವನ್ನು ಇನ್ನೊಂದು ಹೆಣ್ಣಿಗೆ ಸೋಕಿಸಿದರೆ ಹುಟ್ಟುವುದು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಬುದ್ಧಿವಂತ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಗೋತ್ರ ಬರುವುದು ಅಪ್ಪನ ಕಡೆಯಿಂದ ಅಲ್ವಾ? ಇಲ್ಲಿ ಅಪ್ಪನೇ ಇಲ್ಲ. ಮಲಾನಾದ ಯಾವ ತಾತ ಹೊಲಕ್ಕೆ ಹೋಗಿ ಬೆಳ್ಳಿ ನೀರು ಚಿಮುಕಿಸುತ್ತಿದ್ದನೋ!

ಗ್ಯಾರಂಟಿ ಬೇರೆ ಕೊಡುತ್ತಾರೆ. ಇಷ್ಟೇ ಎತ್ತರ, ಇಷ್ಟೇ ವಾರಕ್ಕೆ ಹೂವು, ಇದೇ ವಾಸನೆ. ಜವಾರಿ ಹೊಲ ನೋಡಿದವರು ನಗಬೇಕು. ಅಲ್ಲಿ ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ. ಒಂದು ಬೇಗ ಹೂ ಬಿಡುತ್ತದೆ, ಇನ್ನೊಂದಕ್ಕೆ ಅವಸರವೇ ಇಲ್ಲ. ಹಾಗಿದ್ದರೇ ಅದು ಜವಾರಿ. ಹತ್ತು ಬೀಜದಿಂದ ಹತ್ತೂ ಗಿಡ ಒಂದೇ ಅಚ್ಚಿನಲ್ಲಿ ಎದ್ದವು ಅಂದರೆ ಯಾರೋ ಕೂತು ತಿದ್ದಿದ್ದಾರೆ ಅಂತಲೇ ಅರ್ಥ. ಗ್ಯಾರಂಟಿ ನಿಜವಾದಷ್ಟೂ ಬೀಜ ಸುಳ್ಳು.

ಇನ್ನು ಊರಿನ ವಿಷಯ. ಇಡುಕ್ಕಿ ಇರುವುದು ಸುಮಾರು 10 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೀಜದ ಕಂಪನಿಗಳಿರುವ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಂ 52ರಲ್ಲಿ. ಹಗಲು ಕಿರಿದಾಗುವುದನ್ನು ನೋಡಿಕೊಂಡು ಹೂ ಬಿಡುವ ಗಿಡ ಇದು. ನಮ್ಮ ಕಡೆಯ ಗಿಡವನ್ನು ಅಲ್ಲಿನ ಬಯಲಲ್ಲಿ ಹಾಕಿದರೆ ಹೂವು ಬಲಿಯುವ ಮೊದಲೇ ಚಳಿಗಾಲ ಬಂದುಬಿಡುತ್ತದೆ. ಅದಕ್ಕೆ ಕೋಣೆಯೊಳಗೆ ದೀಪ ಹಚ್ಚಿ ಬೆಳೆಸುತ್ತಾರೆ. ಚಾವಣಿಗೆ ತಲೆ ತಾಗಿಸಿದ ಗಿಡವನ್ನು ಕಿತ್ತೆಸೆಯುತ್ತಾರೆ. ಕುಳ್ಳಗಿದ್ದು ಬೇಗ ಹೂ ಬಿಟ್ಟದ್ದರ ಬೀಜ ಎತ್ತಿಡುತ್ತಾರೆ. ಕೆಲವು ತಲೆಮಾರು ಹೀಗೇ ನಡೆದರೆ ಇಡುಕ್ಕಿಯದು ಅಂತ ಉಳಿಯುವುದು ಹೆಸರು ಮಾತ್ರ. ಗಿಡ ಡಚ್ ನೆಲಮಾಳಿಗೆಯ ಖಾಸಾ ಸಂತಾನ.

ಗೋತ್ರದ ಗೊಂದಲ ಇವತ್ತಿನದಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡಕ್ಕೆ ಕ್ಯಾನಬಿಸ್ ಸಟೈವಾ ಅಂತ ಹೆಸರಿಟ್ಟ. ಅವನಿಗೆ ಗೊತ್ತಿದ್ದದ್ದು ಯುರೋಪಿನವರು ಹಗ್ಗ, ಬಟ್ಟೆಗೆ ಬೆಳೆಯುತ್ತಿದ್ದ ನಾರಿನ ಗಿಡ. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್ ಭಾರತದಿಂದ ಹೋದ ಒಣಗಿದ ಗಿಡಗಳನ್ನು ನೋಡಿ, ಇದರ ಜಾತಿಯೇ ಬೇರೆ, ಇದು ಕ್ಯಾನಬಿಸ್ ಇಂಡಿಕಾ ಎಂದ. ಅದು ಸಪೂರ ಎಲೆಯ ನಮ್ಮ ಗಿಡ. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಹಿಪ್ಪಿಗಳ ಕಾಲ ಬಂತು. ಅಫ್ಘಾನಿಸ್ತಾನದ ಕುಳ್ಳು, ಅಗಲ ಎಲೆಯ ಗಿಡದ ಬೀಜ ಅವರ ಚೀಲದಲ್ಲಿ ಪಶ್ಚಿಮಕ್ಕೆ ಹೋಯಿತು. ಯಾರೋ ಅದಕ್ಕೆ ‘ಇಂಡಿಕಾ’ ಅಂತ ಚೀಟಿ ಅಂಟಿಸಿದರು. ಸಪೂರ ಎಲೆಯದ್ದೆಲ್ಲ ‘ಸಟೈವಾ’ ಆಯಿತು. ಹೀಗಾಗಿ ಇವತ್ತು ಅಂಗಡಿಯಲ್ಲಿ ಇಂಡಿಕಾ ಕೇಳಿದರೆ ಅಫ್ಘಾನಿಸ್ತಾನದ್ದು ಕೊಡುತ್ತಾರೆ. ಕೇರಳದ್ದು ಬೇಕು ಅಂದರೆ ಸಟೈವಾ ಕಪಾಟಿಗೆ ಹೋಗಬೇಕು. ಲಾಮಾರ್ಕನ ಆತ್ಮ ಅಲ್ಲೇ ಎಲ್ಲೋ ತಲೆ ಚಚ್ಚಿಕೊಳ್ಳುತ್ತಿರಬಹುದು.

ಕೊನೆಗೆ ವಿಜ್ಞಾನಿಗಳೇ ಜಾತಕ ತೆಗೆದರು. 2015ರಲ್ಲಿ ಕೆನಡಾದ ಸಂಶೋಧಕರ ತಂಡವೊಂದು 81 ಗಾಂಜಾ ಮಾದರಿ, 43 ನಾರಿನ ಗಿಡದ ಮಾದರಿಗಳ ಡಿಎನ್‌ಎ ಪರೀಕ್ಷೆ ಮಾಡಿತು. ಚೀಟಿಯಲ್ಲಿದ್ದ ಹೆಸರಿಗೂ ಒಳಗಿದ್ದ ಗುಣಕ್ಕೂ ಎಷ್ಟೋ ಕಡೆ ತಾಳೆಯೇ ಆಗಲಿಲ್ಲ. ಜಮೈಕಾದ ಹೆಮ್ಮೆಯ ಸಟೈವಾ ಎಂದು ಮೆರೆಯುತ್ತಿದ್ದ ‘ಲ್ಯಾಂಬ್ಸ್ ಬ್ರೆಡ್’ ಮಾದರಿ ಅಫ್ಘಾನಿಸ್ತಾನದ ಒಂದು ಇಂಡಿಕಾ ಮಾದರಿಗೆ ಹೆಚ್ಚುಕಡಿಮೆ ತದ್ರೂಪ! ನಡುವೆ ಒಂದು ಸಾಗರ, ಎರಡು ಮೂರು ಖಂಡ. ಯಾವ ಗಾಳಿ ಅಷ್ಟು ದೂರ ಪರಾಗ ಹೊತ್ತಿತೋ, ಯಾವ ಅಂಗಡಿಯ ಹುಡುಗ ಡಬ್ಬಿ ಅದಲುಬದಲು ಮಾಡಿದನೋ.

ಪೊಟ್ಟಣ ಸುಳ್ಳಾದರೂ ಊರಲ್ಲಿ ಅಸಲಿ ಇರುತ್ತದಲ್ಲ ಅನ್ನುತ್ತೀರಾ? ಮೊರೊಕ್ಕೊದ ರಿಫ್ ಬೆಟ್ಟಗಳ ಕಥೆ ಕೇಳಿ. ಅಲ್ಲಿನ ಜವಾರಿ ತಳಿ ಬೆಲ್ದಿಯಾ. ಒಣ ಬೆಟ್ಟದಲ್ಲಿ ಮಳೆ ನೀರಿನಲ್ಲೇ ಬದುಕುವ ಗಟ್ಟಿ ಗಿಡ. ಯುರೋಪಿನ ಗಿರಾಕಿ ‘ಕಿಕ್ ಸಾಲದು’ ಅಂತ ಮೂಗು ಮುರಿದ. ಖರ್ದಾಲಾ ಅನ್ನುವ ಹೈಬ್ರಿಡ್ ಬಂತು. ಅದರ ಹಿಂದೆ ಇನ್ನಷ್ಟು ಬಂದವು. ಇಳುವರಿ ಜಾಸ್ತಿ, ಕಿಕ್ಕೂ ಜಾಸ್ತಿ, ನೀರು ಕುಡಿಯುವುದಂತೂ ಕೇಳಲೇಬೇಡಿ. ಬೆಲ್ದಿಯಾ ಮೂಲೆ ಸೇರಿತು. ಗಾಳಿಯಲ್ಲಿ ಪರಾಗ ಹಾರುವ ಗಿಡ ಬೇರೆ. ಮೇಲಿನ ಹೊಲದಲ್ಲಿ ಹೈಬ್ರಿಡ್ ಗಂಡು ನಿಂತರೆ ಕೆಳಗಿನ ಹೊಲದ ಶುದ್ಧಿ ಮುಗಿಯಿತು. ಈಗ ಅದೇ ಗಿರಾಕಿ ‘ಅಯ್ಯೋ, ಪರಂಪರೆ ಅಳಿದುಹೋಗುತ್ತಿದೆ’ ಅಂತ ಗೋಳಾಡಿಕೊಂಡು ಬೆಲ್ದಿಯಾ ಪೊಟ್ಟಣ ಹುಡುಕುತ್ತಿದ್ದಾನೆ. ಮೂಗು ಮುರಿದವನೂ ಅವನೇ, ಮೂಗು ಒರೆಸಿಕೊಳ್ಳುವವನೂ ಅವನೇ. ಮಲಾನಾ ಇರುವ ನಮ್ಮ ಪಾರ್ವತಿ ಕಣಿವೆಗೂ ಹೊರಗಿನ ಬೀಜ ತಂದು ಕೊಟ್ಟ ಪುಣ್ಯಾತ್ಮರಿದ್ದಾರೆ.

ನಮ್ಮ ಸರ್ಕಾರಗಳು ಈ ನಾಟಕದಲ್ಲಿ ಹಿಂದೆ ಬೀಳಬಾರದಲ್ಲ! 1985ರ ಎನ್‌ಡಿಪಿಎಸ್, ಅಂದರೆ ಮಾದಕವಸ್ತು ತಡೆ ಕಾಯ್ದೆ ಪ್ರಕಾರ ಹೂವಿನ ತುದಿ ಗಾಂಜಾ. ಆ ತುದಿ ಜೊತೆಗಿಲ್ಲದಿದ್ದರೆ ಎಲೆ, ಬೀಜ ಗಾಂಜಾ ಅಲ್ಲ. ಎಲೆ ಅರೆದು ಮಾಡುವ ಭಂಗಿ ಆ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಅಂತ 2022ರಲ್ಲಿ ಕರ್ನಾಟಕ ಹೈಕೋರ್ಟೇ ಒಬ್ಬರಿಗೆ ಜಾಮೀನು ಕೊಡುವಾಗ ಹೇಳಿತು. ಬೀಜ ತಿನ್ನುವುದಕ್ಕೆ 2021ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಪ್ಪಿಗೆ ಕೊಟ್ಟಿದೆ. ಬೆಂಗಳೂರಿನಲ್ಲಿ ಜಿಮ್ಮಿಗೆ ಹೋಗುವವರು ‘ಹೆಂಪ್ ಸೀಡ್’ ಅಂತ ಸ್ಮೂಥಿಗೆ ಉದುರಿಸಿಕೊಳ್ಳುವುದು ಇದನ್ನೇ. ತಿನ್ನಬಹುದು. ಆದರೆ ಬೆಟ್ಟದ ಮೇಲಿನವನು ಅಜ್ಜಿ ಮಡಕೆಯಲ್ಲಿ ಎತ್ತಿಟ್ಟ ಬೀಜವನ್ನು ಲೈಸೆನ್ಸ್ ಇಲ್ಲದೆ ಬಿತ್ತಿದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಅವನ ಊರಿನ ಹೆಸರು ಹೊತ್ತ ಪೊಟ್ಟಣ ಮಾತ್ರ ಅಲ್ಲೆಲ್ಲೋ ‘ಸ್ಟಾಕ್ ಮುಗಿದಿದೆ’.

ನನಗೊಂದು ಉಪಾಯ ಹೊಳೆದಿದೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿಗೆ ಕೊಟ್ಟ ಹಾಗೆ ಇದಕ್ಕೂ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಮುದ್ರೆ ಕೊಟ್ಟುಬಿಡಲಿ. ಚೆನ್ನೈಯ ಕಚೇರಿಗೆ ಅರ್ಜಿ ಹಾಕಿದರಾಯಿತು. ಬೆಳೆಗಾರರ ಸಂಘ ಬೇಕು, ಅವರ ವಿವರ ಬೇಕು, ಬೆಳೆಯುವ ಜಾಗದ ನಕ್ಷೆ ಬೇಕು. ಆ ಕಾಗದದ ಒಂದು ಪ್ರತಿಗಾಗಿ ಅಬಕಾರಿ ಇಲಾಖೆಯವರು ಎಷ್ಟು ವರ್ಷದಿಂದ ಕಾಡು ಅಲೆಯುತ್ತಿದ್ದಾರೆ! ಕೊನೆಗೆ ಮೂಲದ ಪುರಾವೆ ಲಗತ್ತಿಸಬೇಕು. ಅದಕ್ಕೂ ತೊಂದರೆಯಿಲ್ಲ, ಪೊಲೀಸ್ ಠಾಣೆಯಲ್ಲಿ ಮಹಜರು ಸಿಗುತ್ತದೆ. ಯಾರ ಹೊಲ, ಯಾವ ಸರ್ವೆ ನಂಬರು, ಗಿಡ ಎಷ್ಟು ಅಡಿ, ತೂಕ ಎಷ್ಟು, ಎಲ್ಲ ಬರೆದು, ಕೆಳಗೆ ಇಬ್ಬರು ಪಂಚರ ರುಜು ಸಮೇತ.