ಹಿರಿಯ ನಾಗರಿಕ ಎಂಜಿಬಿ

ಮೂರು ವರ್ಷ ತುಂಬಿದ ಕಾರನ್ನು ಬ್ರಿಟನ್ನಿನ ಸರ್ಕಾರ ನಂಬುವುದಿಲ್ಲ. ಬ್ರೇಕು ತೋರಿಸು, ಟೈರು ತೋರಿಸು, ಹೊಗೆ ಬಿಡು ನೋಡೋಣ ಎಂದು ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆಗೆ ಎಳೆಯುತ್ತದೆ. ಅದೇ ಕಾರಿಗೆ ನಲವತ್ತು ತುಂಬಲಿ, ಸರ್ಕಾರವೇ ಎದ್ದು ನಿಂತು ಕೈಮುಗಿಯುತ್ತದೆ. 2018ರ ಮೇ 20ರಿಂದ ನಲವತ್ತು ದಾಟಿದ ಕಾರಿಗೆ ಪರೀಕ್ಷೆ ಬೇಕಿಲ್ಲ. ಹಿಂದಿನ ಮೂವತ್ತು ವರ್ಷಗಳಲ್ಲಿ ಅದು ಗಣನೀಯವಾಗಿ ಬದಲಾಗಿರಬಾರದು, ಅಷ್ಟೇ. ಬದಲಾಗಿಲ್ಲ ಎಂದು ಬರೆದು ಸಹಿ ಹಾಕುವವನು ಮಾಲೀಕ. ಅವನಿಗೆ ಕಾರಿನ ಅಡಿ ಇಣುಕಿ ಗೊತ್ತಿರಬೇಕೆಂದೇನೂ ಇಲ್ಲ.

ಸೌಲಭ್ಯ ಅಲ್ಲಿಗೇ ಮುಗಿಯುವುದಿಲ್ಲ. ರಸ್ತೆ ತೆರಿಗೆ ಸೊನ್ನೆ. ಆದರೆ ಆ ಸೊನ್ನೆಯನ್ನೂ ಪ್ರತಿವರ್ಷ ಅರ್ಜಿ ಹಾಕಿ ಕಟ್ಟಬೇಕು, ಸೊನ್ನೆ ಪೌಂಡ್ ಕಟ್ಟಲು ಮರೆತವನಿಗೆ ದಂಡ ಉಂಟು. ಲಂಡನ್ನಿನ ಯುಲೆಜ್ ಎಂಬ ಹೊಗೆ ನಿಯಂತ್ರಣ ವಲಯಕ್ಕೆ ಹತ್ತು-ಹನ್ನೆರಡು ವರ್ಷದ ಡೀಸೆಲ್ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಬಂದವನು, ಅದರ ಹೊಗೆ ಮಾನಕ ಮುಟ್ಟದಿದ್ದರೆ, ದಿನಕ್ಕೆ 12.50 ಪೌಂಡ್ ತೆರಬೇಕು. ಪಕ್ಕದ ಸಾಲಿನಲ್ಲಿ ಅರ್ಧಂಬರ್ಧ ಸುಟ್ಟ ಪೆಟ್ರೋಲಿನ ವಾಸನೆ ಬೀರುತ್ತ ನಿಂತ 1968ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಬಿಟ್ಟಿ ಪ್ರವೇಶ. ಹೊಗೆಗೂ ವಯಸ್ಸಾದರೆ ಪರಂಪರೆಯಾಗುತ್ತದೆ.

ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ಎರಡು ದಿನ ಬಿಸಿಲು ಬಿದ್ದ ಕೂಡಲೇ ಮೊದಲ ಓಪನ್ ಕಾರು ಕೊಳ್ಳಲು ಜನ ಹೊರಡುವುದರಲ್ಲಿ ಆಶ್ಚರ್ಯವಿಲ್ಲ. ಹೊರಟವರಲ್ಲಿ ಬಹಳ ಮಂದಿ ಬಂದು ನಿಲ್ಲುವುದು ಎಂಜಿಬಿಯ ಮುಂದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಹೊರಬಂದಿವೆ, ಬಿಡಿಭಾಗ ಇವತ್ತಿಗೂ ಸಿಗುತ್ತವೆ. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬೊರೇಟರ್, ಬಾನೆಟ್ ಎತ್ತಿದರೆ ಎಲ್ಲವೂ ಕೈಗೆಟುಕುತ್ತದೆ. ಕೊಳ್ಳುವವನು ನೋಡುವುದು ಬಣ್ಣ, ಕ್ರೋಮು, ಚರ್ಮದ ವಾಸನೆ. ಎಂಒಟಿ ಇದೆಯೇ ಎಂದು ಕೇಳಿದರೆ ಮಾರುವವನು ನಗುತ್ತಾನೆ: "ಅಯ್ಯೋ, ಇದಕ್ಕೆ ಅದು ಬೇಕೇ ಇಲ್ಲ ಸಾರ್!" ಇದೊಂದು ಗುಣ ಎಂಬಂತೆ ಜಾಹೀರಾತಿನಲ್ಲೂ ಹಾಕಿರುತ್ತಾನೆ.

ಸರ್ಕಾರ ಬಿಟ್ಟ ಕೆಲಸವನ್ನು ಈಗ ಮಾಡಬೇಕಾದದ್ದು ಒಂದು ಅಯಸ್ಕಾಂತ. ಬಣ್ಣ ಗೀಚದಂತೆ ಬಟ್ಟೆ ಸುತ್ತಿ ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಎಳೆಯಿರಿ. ಕಚ್ಚಿಕೊಂಡು ಬಂದದ್ದು ಒಂದು ಕಡೆ ತಟ್ಟನೆ ಜಾರಿದರೆ ಅಲ್ಲಿರುವುದು ಉಕ್ಕಲ್ಲ, ಪುಟ್ಟಿ. ಸಿಲ್ ಅಂದರೆ ಕಾರಿನ ಹೊಸ್ತಿಲು. ಹಾಗೆಂದು ಬರೀ ಕಾಲಿಡುವ ಜಾಗ ಅಂದುಕೊಂಡರೆ ಕೆಟ್ಟಿರಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ತಲೆಯ ಮೇಲೆ ಸೂರೂ ಇಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಎರಡು ಬದಿಯ ಹೊಸ್ತಿಲೇ. ಹೊರಗೊಂದು ತಗಡು, ಒಳಗೊಂದು, ನಡುವೆ ಇನ್ನೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ. ನೀರು ಒಳಗೆ ಸೇರಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಹೊರಗಿನ ಬಣ್ಣದ ಮೇಲೆ ಗುಳ್ಳೆ ಎದ್ದಿತೆಂದರೆ ಒಳಗೆ ಊಟ ಮುಗಿದು ಎಲೆ ಎತ್ತುವ ಹೊತ್ತಾಗಿದೆ ಎಂದರ್ಥ.

ಆಮೇಲೆ ಟಾಪು ಇಳಿಸಿ, ಬಾಗಿಲ ಹಿಂಬದಿಯ ಸಂದಿಯನ್ನು ನೋಡಿ. ಮೇಲೆ ಬೆರಳು ತೂರದಷ್ಟು ಕಿರಿದು, ಕೆಳಗೆ ಅಗಲ ಎಂದಾದರೆ ಕಾರಿನ ನಡು ಕುಸಿದಿದೆ. ಜಾಕಿ ಕೊಟ್ಟು ಎತ್ತಿದಾಗ ಬಾಗಿಲು ಬಿಗಿದುಕೊಂಡರೆ ಇನ್ನೇನೂ ನೋಡುವುದು ಬೇಡ. ಸಿಲ್ ಮೇಲೆ ಫಳಫಳ ಸ್ಟೇನ್‌ಲೆಸ್ ಪಟ್ಟಿ ಹೊದಿಸಿದ್ದರೆ ಅದನ್ನು ಅಲಂಕಾರವೆಂದು ಮೆಚ್ಚದೆ ಬ್ಯಾಂಡೇಜು ಎಂದು ಅನುಮಾನಿಸಿ. ಕೊಳೆತದ್ದನ್ನು ಕತ್ತರಿಸದೆ ಮೇಲೊಂದು ತಗಡು ಬೆಸೆದ ಕಾರುಗಳಿಗೆ ಬರವಿಲ್ಲ. ಸರಿಯಾಗಿ ಮಾಡಬೇಕೆಂದರೆ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಕೆಳತುದಿಯನ್ನೂ ಕತ್ತರಿಸಬೇಕು, ಏಕೆಂದರೆ ಸಿಲ್ ಅವುಗಳ ಹಿಂದಕ್ಕೂ ಹಾಯುತ್ತದೆ. ಕತ್ತರಿ ಹಾಕುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಬೆಸೆದು ಬಿಗಿಯದಿದ್ದರೆ ಕಾರು ಕೆಲಸದ ಮಧ್ಯೆಯೇ ಬಾಗುತ್ತದೆ. ಹೊಸ ಸಿಲ್ಲನ್ನು ಬಾಗಿದ ಕಾರಿಗೇ ಬೆಸೆದು ಆ ಸೊಟ್ಟನ್ನು ಶಾಶ್ವತ ಮಾಡಿದಂತಾಯಿತು. ತಗಡಿನ ಬೆಲೆ ಏನೇನೂ ಅಲ್ಲ, ದುಡ್ಡು ಹೋಗುವುದು ದಿನಗಟ್ಟಲೆಯ ಕೂಲಿಗೆ.

ಕಾಗದ ಪತ್ರ ಸರಿ ಇದೆ ಅನ್ನುತ್ತಾರೆ. ಆ ವಿ5ಸಿ ನೋಂದಣಿ ಪುಸ್ತಕದ ಮೇಲೇ ಬರೆದಿದೆ, ಇದು ಮಾಲೀಕತ್ವದ ಪುರಾವೆಯಲ್ಲ ಎಂದು. ಕಾರು ಯಾರದು ಎಂದು ಸರ್ಕಾರ ಹೇಳುವುದಿಲ್ಲ, ಹೇಗಿದೆ ಎಂದು ನೋಡುವುದಿಲ್ಲ, ಎಷ್ಟು ಹಳೆಯದು ಎಂಬುದೊಂದೇ ಅದಕ್ಕೆ ಬೇಕು. ಅದಾದರೂ ಹೇಗೆ? ಎಂಜಿಬಿಗೆ ಹೊಚ್ಚಹೊಸ ಬಾಡಿಶೆಲ್ಲನ್ನು 1988ರಿಂದ ಮತ್ತೆ ತಯಾರಿಸಿ ಮಾರುತ್ತಿದ್ದಾರೆ. ಬೀದಿಯ ಕೊಡೆ ರಿಪೇರಿಯವನು ಬಟ್ಟೆ ಬದಲಿಸಿ, ಕಡ್ಡಿ ಬದಲಿಸಿ, ಕೊನೆಗೆ ಹಿಡಿಯನ್ನೂ ಬದಲಿಸಿ "ತಾತನ ಕಾಲದ್ದು, ಜೋಪಾನ" ಎಂದು ಕೊಟ್ಟಂತೆ. ಹೊಸ ಉಕ್ಕಿನ ದೇಹಕ್ಕೆ ಹಳೆಯ ಎಂಜಿನ್, ಆ್ಯಕ್ಸಲ್ ಕೂರಿಸಿದರೆ ಅದು 1965ರ ಹಿರಿಯರೇ. ಹಾಗೆ ನೋಡಿದರೆ ಪರೀಕ್ಷೆಯಿಲ್ಲದೆ ಓಡಾಡಲು ನಿಜವಾಗಿ ಯೋಗ್ಯವಾದ ಎಂಜಿಬಿ ಅದೊಂದೇ ಇರಬೇಕು.

ಎಂಜಿನ್ನಿಗಿಂತ ಗಟ್ಟಿ ಜೀವ ಇನ್ನಿಲ್ಲ. ಬಿಸಿಯಾಗಿ ಓಡುವಾಗ ಆಯಿಲ್ ಒತ್ತಡ ಚದರ ಇಂಚಿಗೆ 50 ಪೌಂಡಿನ ಆಸುಪಾಸು ನಿಂತರೆ ಸಾಕು. ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರು ಇದ್ದರೆ ನಾಲ್ಕನೇ ಗೇರಿನಲ್ಲಿ ಸ್ವಿಚ್ ಒತ್ತಿ ನೋಡಿ, ಎಂಜಿನ್ ಸುತ್ತು ಐದರಲ್ಲೊಂದು ಪಾಲಿನಷ್ಟು ಇಳಿಯಬೇಕು. ಸ್ಪೋಕ್ ಚಕ್ರವಾದರೆ ಜಾಕಿಯಲ್ಲಿ ಎತ್ತಿ, ಒಬ್ಬರು ಬ್ರೇಕ್ ತುಳಿದು ಹಿಡಿದಿರಲಿ, ನೀವು ಚಕ್ರ ಅಲ್ಲಾಡಿಸಿ. ಅಲ್ಲಾಡಿದರೆ ಒಳಗಿನ ಹಲ್ಲು ಸವೆದಿದೆ. ಚಕ್ರ ಮಾತ್ರ ಬದಲಿಸಿದರೆ ಅದು ಕೂರುವ ಸವೆದ ಹಬ್ಬು ಹೊಸದನ್ನೂ ತಿನ್ನುತ್ತದೆ.

ಇಷ್ಟನ್ನು ಯಾರೂ ನೋಡುವುದಿಲ್ಲ. ಕಾರು ಮನೆಗೆ ಬಂದ ಮರುದಿನವೇ ಶೃಂಗಾರ ಶುರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮೊದಲು ಡಿಕ್ಕಿಯ ಮುಚ್ಚಳಕ್ಕೆ ಲಗೇಜು ರ‍್ಯಾಕು. ಇಡಲು ಲಗೇಜಿಲ್ಲದಿದ್ದರೂ ರಂಧ್ರ ಕೊರೆಯಲು ಡ್ರಿಲ್ ಇರುತ್ತದೆ. ಕೊರೆದ ಅಂಚಿಗೆ ಪ್ರೈಮರ್ ಬಳಿದು ರಬ್ಬರ್ ವಾಶರ್ ಕೂರಿಸುವ ತಾಳ್ಮೆ ಇರದ ಕಾರಣ ಹೊಸ ತುಕ್ಕಿಗೆ ಅಷ್ಟು ಬಾಗಿಲು ತೆರೆದಂತಾಯಿತು. ಆಮೇಲೆ ಮರದ ಸ್ಟೀರಿಂಗ್. ನಟ್ಟನ್ನು ಪೂರ್ತಿ ಬಿಚ್ಚಿ ಜಗ್ಗುವ ವೀರರು ಚಕ್ರ ಹಠಾತ್ತನೆ ಕಿತ್ತು ಬಂದಾಗ ಮೂಗಿಗೆ ಪೆಟ್ಟು ತಿನ್ನುತ್ತಾರೆ. ನಟ್ಟು ಎರಡು ಸುತ್ತು ಉಳಿದಿರಲಿ, ಶಾಫ್ಟಿನ ಮೇಲೆ ಗುರುತು ಹಾಕಿರಲಿ. ಮೂರನೆಯದು ಫೋನ್ ಚಾರ್ಜರು. 1967ಕ್ಕಿಂತ ಮುಂಚಿನ ಎಂಜಿಬಿಗಳಲ್ಲಿ ಬಾಡಿಗೆ ತಾಗಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಅದನ್ನು ತಿಳಿಯದೆ ಈ ಕಾಲದ ಚಾರ್ಜರ್, ರೇಡಿಯೋ ಜೋಡಿಸಿದರೆ ಹಾಡಿಗೆ ಮೊದಲು ಹೊಗೆ ಬರುತ್ತದೆ.

ಎಸ್‌ಯು ಕಾರ್ಬೊರೇಟರ್ ಕಿತ್ತು ದೊಡ್ಡ ವೆಬರ್ ಹಾಕಿಸುವ ಚಟವೂ ಉಂಟು, ಟ್ಯೂನಿಂಗ್ ಕಷ್ಟವಂತೆ. ಕಷ್ಟ ಎಂದರೆ ಇಷ್ಟೇ: ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಎರಡರ ಉಸಿರೂ ಒಂದೇ ಸಮ ಕೇಳುವವರೆಗೆ ಸ್ಕ್ರೂ ತಿರುಗಿಸಿ. ಬಳಿಕ ಪಕ್ಕದ ಪಿನ್ ಒತ್ತಿ ಕಾರ್ಬೊರೇಟರಿನೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು, ಮಿಲಿಮೀಟರಿಗೂ ಕಡಿಮೆ, ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಸಾಯಲು ಹೊರಟರೆ ಕಡಿಮೆ. ಕೊಂಚ ಏರಿ ಮೊದಲಿನಂತಾದರೆ ಸರಿ. ಇಲ್ಲದಿದ್ದರೆ ತಳದ ನಟ್ಟನ್ನು ತಿರುಗಿಸಬೇಕು, ಒಂದು ಸಲಕ್ಕೆ ಅದರ ಒಂದು ಮುಖದಷ್ಟೇ. ಮೇಲಿನ ಪಾತ್ರೆಯ ಎಣ್ಣೆ ಒಣಗಿದ್ದರೆ ಆ್ಯಕ್ಸಿಲರೇಟರ್ ತುಳಿದಾಗ ಕಾರು ಮುಗ್ಗರಿಸುತ್ತದೆ. ಒಂದೆರಡು ಚಮಚ ಎಣ್ಣೆಯ ರೋಗಕ್ಕೆ ನೂರಾರು ಪೌಂಡಿನ ಔಷಧ.

ಎಲ್ಲಕ್ಕಿಂತ ರಸವತ್ತಾದದ್ದು ನಂಬರ್ ಪ್ಲೇಟಿನ ವಿಚಾರ. ಕಾರು ಅದರ ವಯಸ್ಸಿಗಿಂತ ಎಳೆಯದು ಎಂದು ತೋರುವ ನೋಂದಣಿ ಸಂಖ್ಯೆ ಹಾಕುವಂತಿಲ್ಲ, ಮುದಿಯಾಗಿ ತೋರಬಹುದು. 1973ರ ಜನವರಿಯಿಂದ ಹೊಸ ಕಾರಿಗೆಲ್ಲ ಬೆಳಕು ಪ್ರತಿಫಲಿಸುವ ಬಿಳಿ-ಹಳದಿ ಪ್ಲೇಟು ಕಡ್ಡಾಯವಾಗಿತ್ತು. ಈಗಿನ ನಿಯಮದಂತೆ 1980ಕ್ಕೆ ಮೊದಲು ತಯಾರಾದ 'ಐತಿಹಾಸಿಕ' ಕಾರು ಕಪ್ಪು ಪ್ಲೇಟು ಧರಿಸಬಹುದು. ಅಂದರೆ 1978ರ ಎಂಜಿಬಿ ಹೊಸದಾಗಿದ್ದಾಗ ಯಾವ ಪ್ಲೇಟು ಹಾಕಿದ್ದರೆ ಪೊಲೀಸರು ಹಿಡಿಯುತ್ತಿದ್ದರೋ, ಅದನ್ನು ಇಂದು ಪರಂಪರೆಯ ಹೆಸರಿನಲ್ಲಿ ಹಾಕಿಕೊಂಡು ಮೆರೆಯಬಹುದು. ಅಮೆರಿಕದ ನಿಯಮಕ್ಕೆ ಹೆದರಿ 1974ರ ಕೊನೆಯಲ್ಲಿ ಕಪ್ಪು ರಬ್ಬರ್ ಬಂಪರ್ ಕೂರಿಸಿ, ಕಾರನ್ನು ಒಂದು-ಒಂದೂವರೆ ಇಂಚು ಎತ್ತರ ಮಾಡಿದ್ದರು. ಆ ರಬ್ಬರನ್ನು ಕಿತ್ತು ಕ್ರೋಮು ಹಾಕಿ, ಸ್ಪ್ರಿಂಗ್ ತಗ್ಗಿಸಿ, 1963ರ ವೇಷ ಕಟ್ಟಲು ಜನ ಸಾಲುಗಟ್ಟುತ್ತಾರೆ. ಕೂದಲಿಗೆ ಬಿಳಿ ಬಣ್ಣ ಹಚ್ಚಿಕೊಂಡು ಪಿಂಚಣಿ ಸಾಲಿನಲ್ಲಿ ಮುಂದೆ ನುಗ್ಗಿದ ಹಾಗೆ.

ಊರಿಗೆ ಒಯ್ಯೋಣ ಎಂದು ಲಂಡನ್ ಕನ್ನಡಿಗರಾರಾದರೂ ಕನಸು ಕಂಡರೆ ಅಲ್ಲಿನ ಗಮ್ಮತ್ತು ಬೇರೆ. ಭಾರತದ 2021ರ ನಿಯಮದಂತೆ ಐವತ್ತು ದಾಟಿದ ಕಾರು ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ದಿನಬಳಕೆ ನಿಷಿದ್ಧ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು. ಪೆಟ್ರೋಲ್ ಹಾಕಿಸಲು ಹೋಗಬಹುದು, ಹಾಕಿಸಿದ ಪೆಟ್ರೋಲಿನಲ್ಲಿ ಆಫೀಸಿಗೆ ಹೋಗಬಾರದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದು ಶಿಕ್ಷೆಯೋ ಕರುಣೆಯೋ ಹೇಳುವುದು ಕಷ್ಟ.

ಬ್ರಿಟನ್ನಿನ ಕಾನೂನಿಗೂ ಒಂದು ಬಾಲವಿದೆ. ಪರೀಕ್ಷೆ ಬೇಡ, ಆದರೆ ಅಪಾಯಕಾರಿ ಸ್ಥಿತಿಯ ಕಾರು ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ. ಎಂಒಟಿ ಶುಲ್ಕವೋ ಹೆಚ್ಚೆಂದರೆ 54.85 ಪೌಂಡ್, ಬೇಕೆಂದು ಕೇಳಿದರೆ ಮುದಿ ಕಾರಿಗೂ ಮಾಡಿಕೊಡುತ್ತಾರೆ. ಅದನ್ನು ಉಳಿಸಿ ಕ್ರೋಮ್ ಕನ್ನಡಿ ಕೊಂಡವನ ಕಾರು ಒಂದು ಭಾನುವಾರ ಹಳ್ಳಿರಸ್ತೆಯಲ್ಲಿ ಜಂಗಮದಿಂದ ಸ್ಥಾವರಕ್ಕೆ ತಿರುಗುತ್ತದೆ. ಹಿಂದಿನ ಬಲ ಚಕ್ರದ ಬಳಿ ಇರುವ ಪೆಟ್ರೋಲ್ ಪಂಪಿನ ಟಿಕ್‌ಟಿಕ್ ನಿಂತಿದೆ. ಅದರೊಳಗಿನ ವಿದ್ಯುತ್ ಪಾಯಿಂಟ್ ಕರಟಿರಬೇಕು, ಸ್ಪಾನರಿನಿಂದ ಎರಡು ಸಲ ಕುಟ್ಟಿದರೆ ಮನೆವರೆಗೆ ಓಡುತ್ತಿತ್ತು. ಅವನಲ್ಲಿ ಬ್ಯಾಡ್ಜುಗಳಿವೆ, ಸ್ಪಾನರಿಲ್ಲ. ಫೋನ್ ಮಾಡುತ್ತಾನೆ. ಹೊತ್ತೊಯ್ಯಲು ಲಾರಿ ಬರುತ್ತದೆ. ಬ್ರೇಕು, ಟೈರು, ದೀಪ, ಹೊಗೆ ಎಲ್ಲವನ್ನೂ ತೋರಿಸಿ, ಆ ವರ್ಷದ ಪರೀಕ್ಷೆ ಪಾಸಾದ ಲಾರಿ.