ಹದಿನೈದು ಸೆಕೆಂಡಿನ ಸಂಸಾರ

ಹ್ಯಾಮ್ (ಹವ್ಯಾಸಿ) ರೇಡಿಯೊ ಎಂದರೆ ಮೈಕು ಹಿಡಿದು ಗಂಟಲು ಹರಿದುಕೊಳ್ಳುವುದು ಎಂದುಕೊಂಡವರು ಎಫ್‌ಟಿ8 (ಕಂಪ್ಯೂಟರಿನಿಂದ ಹದಿನೈದು ಸೆಕೆಂಡಿನ ಸರದಿಗಳಲ್ಲಿ ಪುಟ್ಟ ಸಂದೇಶ ಕಳಿಸುವ ವಿಧಾನ) ಹಚ್ಚಿಕೊಂಡವರ ಕೋಣೆಗೊಮ್ಮೆ ಇಣುಕಬೇಕು. ಒಬ್ಬ ಮನುಷ್ಯ, ಒಂದು ಲ್ಯಾಪ್‌ಟಾಪ್, ಹದಿನೈದು ಸೆಕೆಂಡಿಗೊಂದು ನಿಟ್ಟುಸಿರು. ನೊಬೆಲ್ ಪಡೆದ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ 2017ರಲ್ಲಿ ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಂತ್ರಾಂಶಕ್ಕೆ ಸೇರಿಸಿದ ಈ ವಿಧಾನ, ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗೆ ಬಿದ್ದಿರುವ ಸಿಗ್ನಲ್ಲನ್ನೂ ಹೆಕ್ಕಿ ತೆಗೆಯುತ್ತದೆ. ಸರದಿ ನಡೆಯುವುದೇ ಗಡಿಯಾರ ನೋಡಿ; ಕಂಪ್ಯೂಟರಿನ ಗಡಿಯಾರ ಮೂರು ಸೆಕೆಂಡ್ ತಪ್ಪಿದರೆ ಮಾತ್ರ ಪಕ್ಕದ ಬೀದಿಯವನೂ ಇದಕ್ಕೆ ಅಪರಿಚಿತ.

ವಾಟರ್‌ಫಾಲ್ (ಸಿಗ್ನಲ್ಲುಗಳನ್ನು ಚಿತ್ರವಾಗಿ ತೋರಿಸುವ ಕಿಟಕಿ) ತುಂಬ ಗೆರೆಗಳಿವೆ, ಬಿಡಿಸಿದ ಸಂದೇಶಗಳ ಪಟ್ಟಿಯಲ್ಲಿ ಒಂದಕ್ಷರವೂ ಇಲ್ಲ. ಆಗ ಬೈಗುಳ ಬೀಳುವುದು ಆಂಟೆನಾಗೆ. ತಾರಸಿ ಹತ್ತಿ, ಡೈಪೋಲ್ ಬಿಚ್ಚಿ, ಹೊಸದಾಗಿ ಬೆಸುಗೆ ಹಾಕಿ ಇಳಿದರೂ ಪಟ್ಟಿ ಖಾಲಿಯೇ. ತಾರಸಿಗೆ ಮೊದಲು ಟೈಮ್ ಸಿಂಕ್ ಒತ್ತಿ ನೋಡುವುದು ಮೊಣಕಾಲಿಗೂ ಒಳ್ಳೆಯದು. ಗಡಿಯಾರ ಅರೆಬರೆ ತಪ್ಪಿದ್ದರೆ ಸಮಯದ ವ್ಯತ್ಯಾಸವನ್ನು ಸೆಕೆಂಡಿನಲ್ಲಿ ತೋರಿಸುವ ಡಿಟಿ ಕಾಲಮ್ಮೇ ಚಾಡಿ ಹೇಳುತ್ತದೆ: ಎಲ್ಲರ ಸಾಲಿನಲ್ಲೂ 1.8 ಎಂದಿದ್ದರೆ ಜಗತ್ತು ತಡವಾಗಿಲ್ಲ, ನಿಮ್ಮ ಗಡಿಯಾರ ಮುಂದೋಡಿದೆ.

ಕೇಳಿಸತೊಡಗಿದ ಮೇಲೆ ಮಾತಾಡುವ ಚಪಲ. ಉತ್ತರ ಬರಲಿಲ್ಲವೆಂದು ಸೌಂಡ್ ಕಾರ್ಡಿನ ವಾಲ್ಯೂಮ್ ಪೂರ್ತಿ ಏರಿಸುತ್ತಾರೆ. ಎಎಲ್‌ಸಿ (ಪ್ರಸಾರದ ಮಟ್ಟ ಮಿತಿಮೀರದಂತೆ ತಡೆಯುವ ವ್ಯವಸ್ಥೆ) ಮುಳ್ಳು ಎಗರುತ್ತದೆ; 800 ಹರ್ಟ್ಸ್‌ನಲ್ಲಿ ಹೊರಟ ಸ್ವರ 1600ರಲ್ಲೊಂದು, 2400ರಲ್ಲೊಂದು ಮರಿ ಹಾಕಿ, ಅಲ್ಲಿದ್ದವರ ಜಾಗಕ್ಕೂ ಕಾಲು ಚಾಚುತ್ತದೆ. ಎಎಲ್‌ಸಿ ಸೊನ್ನೆಗೆ ಬರುವವರೆಗೆ ಆಡಿಯೊ ತಗ್ಗಿಸಿ. ಸೆಟ್ಟಿಂಗ್ಸ್‌ನಲ್ಲಿ ಸ್ಪ್ಲಿಟ್ ಆಪರೇಷನ್ನನ್ನು (ಕೇಳುವ, ಕಳಿಸುವ ಆವರ್ತನಗಳನ್ನು ಬೇರೆ ಮಾಡುವ ಆಯ್ಕೆ) 'ಫೇಕ್ ಇಟ್'ಗೆ ಇಟ್ಟರೆ ತಂತ್ರಾಂಶವೇ ಸ್ವರವನ್ನು 1500ರಿಂದ 2000ದೊಳಗೆ ಹಿಡಿದಿಡುತ್ತದೆ. ಮರಿಗಳು 3000ದಿಂದಾಚೆ ಹುಟ್ಟಿ ಫಿಲ್ಟರಿನಲ್ಲೇ ಸಾಯುತ್ತವೆ. ಸ್ಪೀಚ್ ಕಂಪ್ರೆಸರ್ ಆಫ್ ಇರಲಿ. 100 ವಾಟ್ ಸೆಟ್ಟಿಗೆ 30 ವಾಟ್ ಧಾರಾಳ. ಪ್ರತಿ ಸರದಿಯಲ್ಲೂ 12.64 ಸೆಕೆಂಡ್ ಉಸಿರು ಬಿಡದೆ ಪ್ರಸಾರ ಮಾಡುವ ಯಂತ್ರದ ಮೇಲೂ ಕರುಣೆ ಬೇಕು.

ಇನ್ನು ವಿಂಡೋಸ್ ಮಹಾಶಯ. ರೇಡಿಯೊದ ಸೌಂಡ್ ಕಾರ್ಡನ್ನೇ ಡಿಫಾಲ್ಟ್ ಮಾಡಿ, ವಾಕ್ಸ್‌ನಲ್ಲಿ (ಶಬ್ದ ಬಂದೊಡನೆ ತಾನೇ ಪ್ರಸಾರ ಶುರುಮಾಡುವ ವ್ಯವಸ್ಥೆ) ಪ್ರಸಾರಕ್ಕಿಳಿದರೆ, ಮೇಲ್ ಬಂದ 'ಟಿಣ್' 14.074 ಮೆಗಾಹರ್ಟ್ಸ್‌ನಲ್ಲಿ ದೇಶಾಂತರ ಹೋಗುತ್ತದೆ. ಡಿಫಾಲ್ಟ್ ಬೇರೆ ಇರಲಿ, ಸಿಸ್ಟಮ್ ಶಬ್ದಗಳು ಬಂದ್ ಆಗಲಿ, ಪಿಟಿಟಿ (ಪ್ರಸಾರ ಶುರುಮಾಡುವ ಸ್ವಿಚ್) ಕಂಪ್ಯೂಟರ್ ರೇಡಿಯೊವನ್ನು ನಿಯಂತ್ರಿಸುವ ಕ್ಯಾಟ್ ಕೇಬಲ್ಲಿನಿಂದ ನಡೆಯಲಿ. ಪ್ರಸಾರಕ್ಕೆ ಹೋದಾಗಲೆಲ್ಲ ಯುಎಸ್‌ಬಿ ಸಂಪರ್ಕ ಕೈಕೊಟ್ಟರೆ ಭೂತವಲ್ಲ, ಕೇಬಲ್ಲಿಗೆ ಹತ್ತಿದ ಆರ್‌ಎಫ್ (ರೇಡಿಯೊ ತರಂಗ). ಎರಡೂ ತುದಿಗೆ ಅದನ್ನು ತಡೆಯುವ ಫೆರೈಟ್ ಉಂಗುರ ಹಾಕಿ.

ಬೆಂಗಳೂರಿನಂಥ ಊರಲ್ಲಿ ಇನ್ನೊಂದು ಪೀಕಲಾಟ. ಒಂದೇ ಬಡಾವಣೆಯ ಇಬ್ಬರು, ಒಂದೇ ಬ್ಯಾಂಡಿನಲ್ಲಿ, ಒಬ್ಬರು ಸಮ ಸರದಿಯಲ್ಲಿ, ಇನ್ನೊಬ್ಬರು ಬೆಸ ಸರದಿಯಲ್ಲಿ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕೂಗು) ಕರೆಯುತ್ತ ಪರಸ್ಪರರ ರಿಸೀವರನ್ನು ಕಿವುಡು ಮಾಡುತ್ತಾರೆ. ಫೋನ್ ಮಾಡಿ, "ಸಾರ್, ನಾನೂ ಈವನ್‌ಗೇ ಬರ್ತೀನಿ" ಅಂದರೆ ಸಾಕು. ಇಬ್ಬರೂ ಒಟ್ಟಿಗೆ ಕರೆದು ಒಟ್ಟಿಗೆ ಕೇಳಬಹುದು.