ಇಪ್ಪತ್ತು ಪರ್ಸೆಂಟಿನ ಸೌಜನ್ಯ

ವಿಮಾನ ಹತ್ತುವವರು ಕೈಚೀಲದಲ್ಲಿ ಏನೇನು ಒಯ್ಯಬಾರದು ಎಂಬ ಪಟ್ಟಿಯನ್ನು ನಿಲ್ದಾಣದ ಗೋಡೆಯ ಮೇಲೆ ಚಿತ್ರಸಮೇತ ಹಾಕಿರುತ್ತಾರೆ. ಚಾಕು, ಪಟಾಕಿ, ನೂರು ಮಿಲಿಲೀಟರಿಗಿಂತ ದೊಡ್ಡದಾದ ಶಾಂಪೂ ಬಾಟಲಿ ಎಲ್ಲವೂ ಅದರಲ್ಲಿವೆ. ಆದರೆ ಅಮೆರಿಕದ ಪ್ರಜೆ ಯಾವ ದೇಶಕ್ಕೆ ಹೋದರೂ ತಪ್ಪದೆ ಹೊತ್ತೊಯ್ಯುವ ಇಪ್ಪತ್ತು ಪರ್ಸೆಂಟ್ ಟಿಪ್ಸ್ ಮಾತ್ರ ಅದರಲ್ಲಿಲ್ಲ. ಸ್ಕ್ಯಾನರಿನ ಕಣ್ಣಿಗೆ ಬೀಳದ ಈ ಸಾಮಾನು, ಪರದೇಶದ ಹೋಟೆಲಿನಲ್ಲಿ ಊಟ ಮುಗಿದು ಬಿಲ್ಲು ಬಂದೊಡನೆ ತಾನಾಗಿಯೇ ಹೊರಬಂದು ಮೇಜಿನ ಮೇಲೆ ಕೂರುತ್ತದೆ.

ನನ್ನ ಅಕ್ಕನ ಮಗ ಹುಟ್ಟಿದ್ದು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ. ಆದರೆ ಇಪ್ಪತ್ತೆರಡು ವರ್ಷ ನ್ಯೂಜೆರ್ಸಿಯಲ್ಲಿದ್ದು, ಅಲ್ಲಿಯ ಪೌರತ್ವವನ್ನೂ ಅದರ ಜೊತೆಗೆ ಬರುವ ಈ ಪರ್ಸೆಂಟನ್ನೂ ಸ್ವೀಕರಿಸಿದವನು. ಅವನೂ ಅವನ ಹೆಂಡತಿಯೂ ಜಪಾನಿಗೆ ಹೊರಟಾಗ, ಸೋದರಮಾವನೆಂಬ ಗೌರವಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಕ್ಯೋಟೋದ ಒಂದು ಗಲ್ಲಿಯ ಸಣ್ಣ ಅಂಗಡಿಯಲ್ಲಿ ಮೂವರೂ ಉದೋನ್ ಎಂಬ ದಪ್ಪ ಶಾವಿಗೆ ತಿಂದೆವು. ಬಿಲ್ಲು 2,700 ಯೆನ್ ಆಯಿತು. ಅಲ್ಲಿ ಹಣವನ್ನು ಕೈಗೆ ಕೊಡುವ ಪದ್ಧತಿಯಿಲ್ಲ, ಗಲ್ಲಾದ ಮುಂದಿನ ಪುಟ್ಟ ತಟ್ಟೆಯಲ್ಲಿಡಬೇಕು. ಅದರಂತೆ ಇಟ್ಟದ್ದೂ ಆಯಿತು. ಬಳಿಕ ನಮ್ಮ ಹುಡುಗ ಒಂದು ನಿಮಿಷ ಆಕಾಶ ನೋಡಿ ಲೆಕ್ಕ ಹಾಕಿ, ಮೇಜಿಗೆ ಹಿಂದಿರುಗಿ, ಖಾಲಿ ಬೋಗುಣಿಯ ಪಕ್ಕದಲ್ಲಿ 540 ಯೆನ್ ಇಟ್ಟು, ಧರ್ಮಕಾರ್ಯ ಮುಗಿಸಿದವನ ಮುಖದಲ್ಲಿ ಹೊರಬಂದ.

ನಾವು ಸಿಗ್ನಲ್ ಬಳಿ ನಿಂತಿದ್ದಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಬಡಿಸಿದ್ದ ಹೆಂಗಸು, ಅರವತ್ತರ ಆಸುಪಾಸಿನವರು, ಏಪ್ರನ್ ಸಮೇತ ಏದುಸಿರು ಬಿಡುತ್ತ ಓಡಿ ಬಂದು, ಎರಡೂ ಅಂಗೈಗಳನ್ನು ಜೋಡಿಸಿ ಅದರಲ್ಲಿ ಒಂದು ಐನೂರರ ನಾಣ್ಯವನ್ನೂ ನಾಲ್ಕು ಹತ್ತರ ನಾಣ್ಯಗಳನ್ನೂ ಹಿಡಿದು, ತಪ್ಪು ತಮ್ಮದೇ ಎಂಬಂತೆ ಬಾಗಿದರು. ಗಿರಾಕಿ ಹಣ ಮರೆತು ಹೋದನೆಂದು ಅವರು ತಿಳಿದಿದ್ದರು. ಕೊಟ್ಟದ್ದು ಕಡಿಮೆಯಾಯಿತೆಂದು ನಮ್ಮವನು ತಿಳಿದ.

ಅವನು ಜೇಬಿಗೆ ಕೈಹಾಕಿ ಇನ್ನೊಂದು ಐನೂರರ ನಾಣ್ಯವನ್ನು ಸೇರಿಸಿದ. ಆ ತಾಯಿ ಗಾಬರಿಯಾಗಿ ಇನ್ನಷ್ಟು ಬಾಗಿದರು. ಇವನು ಸಾವಿರದ ನೋಟನ್ನು ತೆಗೆದ. ಹೀಗೆ 2,700 ಯೆನ್ನಿನ ಊಟಕ್ಕೆ ಸೌಜನ್ಯದ ಮೊತ್ತ 2,040 ಯೆನ್ನಿಗೆ ಏರಿ, ಕೊಳ್ಳುವವರೇ ಇಲ್ಲದ ಹರಾಜೊಂದು ನಡುರಸ್ತೆಯಲ್ಲಿ ನಡೆಯಿತು. ಕೊನೆಗೆ ಅವರು ನರೆಗೂದಲಿನವನಿಗಾದರೂ ಬುದ್ಧಿಯಿದ್ದೀತೆಂದು ಭಾವಿಸಿ, ಎಲ್ಲವನ್ನೂ ನನ್ನ ಕೈಗೆ ತುರುಕಿ, ಬಂದಷ್ಟೇ ವೇಗದಲ್ಲಿ ಓಡಿಹೋದರು.

ಇದರಲ್ಲಿ ಪೂರ್ತಿ ತಪ್ಪನ್ನು ಅಮೆರಿಕದ ಮೇಲೆ ಹೊರಿಸುವುದು ನ್ಯಾಯವಲ್ಲ. ‘ಬೇಡ’ ಎಂದವರಿಗೆ ಇನ್ನೊಂದು ಹೋಳಿಗೆ ಹಾಕುವ ಮನೆಯಲ್ಲಿ, ನೆಂಟರು ಕೊಟ್ಟ ನೋಟನ್ನು ಮೂರು ಸಲ ನಿರಾಕರಿಸಿ ನಾಲ್ಕನೆಯ ಸಲ ಜೇಬಿಗಿಳಿಸುವ ವಿದ್ಯೆ ಕಲಿತು ಬೆಳೆದವನು ಅವನು. ನಿರಾಕರಣೆ ನಿಜವಾಗಿಯೂ ನಿರಾಕರಣೆಯಾಗಿರಬಹುದು ಎಂಬ ಸಂಗತಿ ಅವನ ಎರಡೂ ದೇಶಗಳ ಪಠ್ಯದಲ್ಲಿರಲಿಲ್ಲ.

“ಹೋದ ವರ್ಷ ಪ್ಯಾರಿಸ್ಸಿನಲ್ಲಿ ಯಾರೂ ಹೀಗೆ ಅವಮಾನ ಮಾಡಿರಲಿಲ್ಲ ಮಾವ,” ಎಂದು ಅವನು ದಾರಿಯುದ್ದಕ್ಕೂ ನೊಂದುಕೊಂಡ. ಹೇಗೆ ಮಾಡಿಯಾರು? ಫ್ರಾನ್ಸಿನಲ್ಲಿ ಮೆನುವಿನ ಮೇಲೆ ನಮೂದಿಸುವ ಬೆಲೆಯಲ್ಲೇ ಸೇವಾಶುಲ್ಕ ಸೇರಿರಬೇಕೆಂಬುದು 1987ರಿಂದ ಇರುವ ನಿಯಮ. ಅಲ್ಲಿನವರು ಮೆಚ್ಚಿದರೆ ಒಂದೆರಡು ಯೂರೋ ಚಿಲ್ಲರೆ ಬಿಟ್ಟು ಏಳುತ್ತಾರೆ. ಸೇರಿಸಿಯೇ ಕೊಟ್ಟ ಬಿಲ್ಲಿನ ಮೇಲೆ ಮತ್ತೆ ಐದನೆಯ ಒಂದು ಪಾಲು ಇಟ್ಟು ಹೋಗುವ ಅತಿಥಿಯ ಹಿಂದೆ ಪ್ಯಾರಿಸ್ಸಿನ ಮಾಣಿ ಓಡಿಬರಲು ಅವನಿಗೇನು ಹುಚ್ಚೇ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಫ್ರೆಂಚಿನಲ್ಲಿ ಇಲ್ಲದಿದ್ದರೂ ಅದರ ಆಚರಣೆಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಅಷ್ಟೇ ಅಲ್ಲ, ಪ್ರವಾಸಿಗರು ಕಿಕ್ಕಿರಿಯುವ ಬೀದಿಗಳಲ್ಲಿ ಕಾರ್ಡ್ ಯಂತ್ರವೇ ಈಗ ‘ಎಷ್ಟು ಪರ್ಸೆಂಟ್?’ ಎಂದು ಇಂಗ್ಲಿಷಿನಲ್ಲಿ ಕೇಳಲು ಕಲಿತಿದೆ.

ತಮಾಷೆಯೆಂದರೆ ಈ ಪದಾರ್ಥ ಹುಟ್ಟಿದ್ದು ಅಮೆರಿಕದಲ್ಲಲ್ಲ. ಅಂತರ್ಯುದ್ಧದ ನಂತರದ ದಶಕಗಳಲ್ಲಿ ಯೂರೋಪು ಸುತ್ತಿಬಂದ ಅಲ್ಲಿನ ಶ್ರೀಮಂತರು, ದೊರೆಗಳ ಮನೆಯ ಆಳುಕಾಳುಗಳಿಗೆ ನಾಣ್ಯ ಎಸೆಯುವ ಠೀವಿಯನ್ನು ಪ್ರವಾಸದ ನೆನಪಿನ ಕಾಣಿಕೆಯಾಗಿ ಊರಿಗೆ ತಂದರು. ಆಗಿನ ಸ್ವಾಭಿಮಾನಿ ಅಮೆರಿಕನ್ನರು ಇದನ್ನು ಪ್ರಜಾಪ್ರಭುತ್ವಕ್ಕೆ ಒಪ್ಪದ ಗುಲಾಮಗಿರಿಯೆಂದು ಉರಿದುಬಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ಕಾನೂನಿನಿಂದಲೇ ನಿಷೇಧಿಸಿತು; ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು; 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಏಕೆಂದರೆ ಅಷ್ಟರಲ್ಲಿ ಮಾಲೀಕರಿಗೆ ಇದರ ರುಚಿ ಹತ್ತಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ರೈಲುಬೋಗಿಗಳಲ್ಲೂ ಹೋಟೆಲುಗಳಲ್ಲೂ ಪುಡಿಗಾಸಿಗೆ ದುಡಿಸಿಕೊಂಡು, ಉಳಿದದ್ದನ್ನು ಗಿರಾಕಿಯಿಂದ ಪಡೆದುಕೊಳ್ಳಿ ಎನ್ನುವುದು ಎಷ್ಟು ಸಲೀಸೆಂದು ಅವರು ಕಂಡುಕೊಂಡಿದ್ದರು. ಇಂದಿಗೂ ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ, ಟಿಪ್ಸ್ ಬರುವ ಕೆಲಸಗಾರನಿಗೆ ಮಾಲೀಕ ಕೈಯಿಂದ ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. ಈ ಅಂಕಿ 1991ರಿಂದ ಕದಲಿಲ್ಲ. ಮಂಗಳಾರತಿ ತಟ್ಟೆಯ ಕಾಸಿನಲ್ಲೇ ಅರ್ಚಕರ ಸಂಬಳ ಹುಟ್ಟಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿ, ಹುಂಡಿಯನ್ನು ಮಾತ್ರ ತಾನಿಟ್ಟುಕೊಂಡ ಹಾಗೆ. ಹಾಗಾಗಿ ನನ್ನ ಅಳಿಯ ನ್ಯೂಜೆರ್ಸಿಯಲ್ಲಿ ಕೊಡುವುದು ದಾನವಲ್ಲ, ಇನ್ನೊಬ್ಬರು ಕೊಡಬೇಕಾಗಿದ್ದ ಸಂಬಳ. ಅದನ್ನೇ ಅವನು ಔದಾರ್ಯವೆಂದು ತಿಳಿದು, ಸಂಬಳ ಸರಿಯಾಗಿ ಸಿಗುವ ದೇಶಗಳಿಗೂ ಹೊತ್ತು ತಿರುಗುತ್ತಿದ್ದಾನೆ.

ಹಾಗೆಂದು ಜಪಾನಿನವರು ಕೊಡುಕೊಳ್ಳುವುದನ್ನೇ ಅರಿಯದವರಲ್ಲ. ಹಳೆಯ ಕಾಲದ ತಂಗುಮನೆಗಳಲ್ಲಿ, ಅಂದರೆ ರ್‍ಯೋಕಾನ್‌ಗಳಲ್ಲಿ, ಕೋಣೆಯ ಸೇವೆಗೆ ಬರುವವರಿಗೆ ‘ಕೊಕೊರೊಜುಕೆ’ ಎಂಬ ಕಾಣಿಕೆಯನ್ನು ಕೊಡುವುದುಂಟು. ಅದು ಕಡ್ಡಾಯವಲ್ಲ; ಕೊಡುವುದಾದರೆ ಮಡಿಕೆ ಬೀಳದ ಹೊಸ ನೋಟಾಗಿರಬೇಕು, ಲಕೋಟೆಯಲ್ಲಿರಬೇಕು, ಸಾಮಾನ್ಯವಾಗಿ ಬಂದಿಳಿದಾಗಲೇ ಕೊಡಬೇಕು. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರಿನಲ್ಲಿ ಮುಯ್ಯಿ ಮಾಡುವ ನಮಗೆ ಇದು ತಟ್ಟನೆ ಅರ್ಥವಾಗಬೇಕಾದ ಸಂಗತಿ. ನಾನು ಇದನ್ನು ವಿವರಿಸಿದಾಗ ಅಳಿಯ ಬಹಳ ಆಸಕ್ತಿಯಿಂದ ಕೇಳಿ, “ಲಕೋಟೆಯೊಳಗೆ ಎಷ್ಟು ಪರ್ಸೆಂಟ್ ಇಡಬೇಕು ಮಾವ?” ಎಂದ.

ಜಪಾನಿನಿಂದ ಎಲ್ಲರೂ ಬೆಂಗಳೂರಿಗೆ ಬಂದೆವು. ಮಲ್ಲೇಶ್ವರದ ನೆಂಟರ ಮನೆಗೆ ಹೋಗಲು ಆಟೋ ಬೇಕೆಂದು ಆ್ಯಪ್ ತೆರೆದರೆ, 240 ರೂಪಾಯಿ ಬಾಡಿಗೆ ತೋರಿಸಿ, ಬೇಗ ಗಾಡಿ ಬೇಕಿದ್ದರೆ ಟಿಪ್ಸ್ ಸೇರಿಸಿ ಎಂದಿತು. ಸೇವೆ ಇನ್ನೂ ಯಾವ ಬೀದಿಯಲ್ಲಿದೆಯೋ ಗೊತ್ತಿಲ್ಲ, ಮೆಚ್ಚುಗೆಯನ್ನು ಮಾತ್ರ ಮೊದಲೇ ಒತ್ತಬೇಕು. ಈ ಮುಂಗಡ ಟಿಪ್ಸ್ ಅನೈತಿಕ, ಇದು ಗ್ರಾಹಕರ ಶೋಷಣೆ ಎಂದು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರೇ ಹೇಳಿದ್ದರು. ಟ್ಯಾಕ್ಸಿ ಕಂಪನಿಯೊಂದಕ್ಕೆ ನೋಟಿಸೂ ಹೋಗಿತ್ತು. ಆದರೆ ನೋಟಿಸಿನ ಮೇಲೆ ಕೂತು ಮಲ್ಲೇಶ್ವರಕ್ಕೆ ಹೋಗಲಾಗದು. ನಲವತ್ತು ರೂಪಾಯಿ ಒತ್ತಿದೆ, ಆಟೋ ಬಂತು.

ಹತ್ತುವ ಮೊದಲೇ ಚಾಲಕರು, “ಟ್ರಾಫಿಕ್ ಜಾಸ್ತಿ ಸಾರ್, ಮೇಲೆ ಐವತ್ತು ಹಾಕ್ಕೊಡಿ,” ಎಂದರು. ಇಳಿಯುವಾಗ ಅಳಿಯ ನನ್ನನ್ನು ಪಕ್ಕಕ್ಕೆ ಸರಿಸಿ, ಬಾಡಿಗೆ, ಅದರ ಮೇಲಿನ ಟಿಪ್ಸ್, ಅದರ ಮೇಲಿನ ಐವತ್ತು ಎಲ್ಲವನ್ನೂ ಕೂಡಿಸಿ 330 ಮಾಡಿ, ಅದಕ್ಕೆ ಇಪ್ಪತ್ತು ಪರ್ಸೆಂಟ್ ಕಟ್ಟಿ 396 ಮಾಡಿ, ಚಿಲ್ಲರೆ ಏಕೆಂದು 400 ರೂಪಾಯಿ ಕೊಟ್ಟ. ಚಾಲಕರು ನೋಟುಗಳನ್ನು ಎಣಿಸಿ, ಖಾಕಿ ಅಂಗಿಯ ಒಳಜೇಬಿಗಿಳಿಸಿ, ಗಾಡಿ ತಿರುಗಿಸಿಕೊಂಡು ಹೊರಟುಹೋದರು.

ಅಳಿಯ ಗೇಟಿನ ಬಳಿ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತ ನಿಂತಿದ್ದ. ಯಾರೂ ಓಡಿ ಬರಲಿಲ್ಲ.